ಒದ್ದೆಯಾಗದ ಕೆನ್ನೆ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯಮ್ಮಾ? ಅಳಿಯಂದಿರ ಸೊಂಟನೋವು ಇಳಿಯಿತೇ? ಮಗುವಿಗೆ ಆರು ತಿಂಗಳು ತುಂಬಿತು, ಈಗ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿರಬೇಕು. ನಾವು ಚೆನ್ನಾಗಿದ್ದೇವೆ. ನಾನು ಬರೆಯಲು ಕೂತದ್ದು ನೋಡಿ ನಿಮ್ಮಮ್ಮ, "ದಿನಾ ಫೋನ್ ಮಾಡ್ತೀರಲ್ಲ, ಇದೇನು ಹೊಸ ಶೋಕಿ?" ಎಂದು ನಕ್ಕಳು. ಮಗುವಿನ ವಿಷಯ ಒಂದು ಕೇಳಬೇಕಿದೆ, ಫೋನಿನಲ್ಲಿ ಬಾಯಿ ಬರಲಿಲ್ಲ. ಮೊದಲು ಇಲ್ಲಿಯದು ಹೇಳಿಬಿಡುತ್ತೇನೆ.

ನಿನ್ನ ತಮ್ಮ ಗುಬ್ಬಿಯ ರಕ್ತವನ್ನು ಆಸ್ಪತ್ರೆಯವರು ಎತ್ತಿಟ್ಟಿದ್ದರಂತೆ. ಅವನು ಹೋಗಿ ಇಷ್ಟು ವರ್ಷದ ಮೇಲೆ, ಅದರಲ್ಲಿ ಕೆಟ್ಟಿದ್ದ ಜೀನ್ ಯಾವುದೆಂದು ಗೊತ್ತಾಗಿದೆ. ಗುರುವಾರ ಪ್ರಯೋಗಶಾಲೆಗೆ ಕರೆಸಿದ್ದರು. ಅಮ್ಮ ಬರಲೊಪ್ಪಲಿಲ್ಲ, ನಾನೊಬ್ಬನೇ ಹೋದೆ. ಅಲ್ಲಿನ ಹುಡುಗಿ, ನಿನ್ನ ವಯಸ್ಸಿನವಳೇ, ತಾಳ್ಮೆಯಿಂದ ಹೇಳಿದಳು. ಒಂದೊಂದು ಜೀವಕೋಶದ ನಡುವೆ ಒಂದು ಕೋಣೆಯಂತೆ, ಅದರ ಗೋಡೆ ತುಂಬ ಸಣ್ಣ ಸಣ್ಣ ಬಾಗಿಲುಗಳಂತೆ. ಏನು ಒಳಗೆ ಹೋಗಬೇಕು, ಏನು ಹೊರಗೆ ಬರಬೇಕು ಎಂದು ನೋಡಿ ಬಿಡುವುದು ಅವುಗಳ ಕೆಲಸ. ಕಾರ್ಖಾನೆಯ ಗೇಟಿನಲ್ಲಿ ನಿಂತೇ ಕೂದಲು ನರೆತವನು ನಾನು, "ಹಾಗಾದ್ರೆ ಅದು ನನ್ನ ಉದ್ಯೋಗವೇ ಅಲ್ವೇನಮ್ಮಾ" ಎಂದೆ. "ಹೌದು ಅಂಕಲ್, ಆದ್ರೆ ಅದಕ್ಕೆ ರಜೆ ಇಲ್ಲ" ಎಂದಳು. ಆ ಬಾಗಿಲನ್ನು ಕಟ್ಟುವ ಒಂದು ಜೀನ್ ನಮ್ಮ ಗುಬ್ಬಿಯಲ್ಲಿ ಕೆಟ್ಟಿತ್ತು. ಅದೇ ಬಗೆಯ ಜೀನ್ ಮಣ್ಣಿನಲ್ಲಿರುವ ಒಂದು ದುಂಡುಹುಳುವಿನಲ್ಲೂ ಇದೆಯಂತೆ. ಅದರಲ್ಲೂ ಹಾಗೇ ಕೆಡಿಸಿ, ಏನಾಗುತ್ತದೆ ಎಂದು ನೋಡುತ್ತಿದ್ದಾರೆ.

ನನಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಕೂದಲಿನ ಚೂರಿನಷ್ಟು ಹುಳು, ಮೈ ಗಾಜಿನ ಹಾಗೆ, ಗಂಟಲು ಬಡಿದುಕೊಳ್ಳುವುದೂ ಕಾಣುತ್ತದೆ. ಚೆನ್ನಾಗಿರುವ ಹುಳುವಿನದು ಬಿಡುವಿಲ್ಲದೆ ಬಡಿಯುತ್ತಿತ್ತು. ಜೀನ್ ಕೆಡಿಸಿದ ಹುಳುವಿನದು ಬಡಿದು, ನಿಂತು, ಮತ್ತೆ ಬಡಿಯುತ್ತಿತ್ತು. ನನಗರಿವಿಲ್ಲದೆ "ನಿಧಾನ ಮರಿ, ಒಂದು ಗುಟುಕು ನೀರು ಕುಡಿ" ಅಂದುಬಿಟ್ಟೆ. ಆ ಹುಡುಗಿ ಕೇಳಿಸದವಳ ಹಾಗೆ ಕಿಟಕಿಯ ಕಡೆ ತಿರುಗಿದಳು.

ನುಂಗಲಾಗದೆ ಅವನು ಬ್ರೆಡ್ಡನ್ನು ಕಾಳಿನಷ್ಟು ಮಾಡಿ ತಿನ್ನುತ್ತಿದ್ದ, ಗುಬ್ಬಿ ಎಂದು ಹೆಸರಿಟ್ಟವಳು ನೀನೇ. ಅತ್ತರೆ ಒಂದು ಹನಿ ಬರುತ್ತಿರಲಿಲ್ಲ. "ಅಪ್ಪಾ, ಇವನದು ಕಳ್ಳ ಅಳು, ಕಣ್ಣು ನೋಡು, ಒಣಗಿದೆ" ಎಂದು ನೀನು ರೇಗಿಸುತ್ತಿದ್ದೆ. ಅವನು ಅಳುತ್ತಲೇ ನಗುತ್ತಿದ್ದ. ಆ ಮಾತು ನಿನ್ನನ್ನು ಇನ್ನೂ ಕೊರೆಯುತ್ತಿದೆ ಎಂದು ನನಗೆ ಗೊತ್ತು. ನುಂಗಲಾಗದ್ದು, ಕಣ್ಣೀರು ಬಾರದ್ದು, ಕೊನೆಗೆ ಸಣ್ಣ ಜ್ವರಕ್ಕೇ ಕುಸಿದದ್ದು, ಎಲ್ಲ ಆ ಬಾಗಿಲಿನದೇ. ಡಾಕ್ಟರುಗಳಿಗೇ ತಿಳಿಯದ್ದು ಒಂಬತ್ತು ವರ್ಷದ ಹುಡುಗಿಗೆ ಹೇಗೆ ತಿಳಿಯಬೇಕಿತ್ತು? ಬಿಟ್ಟುಬಿಡು ತಾಯಿ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಮಗುವಿನ ಹಣೆಗೆ ನನ್ನದೊಂದು ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ
ಅಪ್ಪ

ಮರೆತೆ: ಕೇಳಬೇಕಾದ್ದನ್ನು ಬಿಟ್ಟೇ ಸಹಿ ಹಾಕಿದೆ. ನನ್ನಲ್ಲೂ ಅಮ್ಮನಲ್ಲೂ ಆ ಜೀನಿನ ಕೆಟ್ಟ ಪ್ರತಿ ಒಂದೊಂದು ಇದೆ, ನಿನ್ನಲ್ಲೂ ಇರಬಹುದು. ತಾಯಿ ತಂದೆ ಇಬ್ಬರಿಂದಲೂ ಬಂದರಷ್ಟೇ ಮಗುವಿಗೆ ತೊಂದರೆ, ಅದು ಬಲು ಅಪರೂಪವಂತೆ. ಬೇಗ ಗೊತ್ತಾದರೆ ಔಷಧಿಯೂ ಇದೆಯಂತೆ. ನೀವಿಬ್ಬರೂ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು, ಮಗು ಅತ್ತಾಗ ಕೆನ್ನೆ ಮುಟ್ಟಿ ನೋಡು. ಒದ್ದೆಯಾಗಿದ್ದರೆ ಫೋನ್ ಮಾಡು. ಇಲ್ಲದಿದ್ದರೂ ಮಾಡು, ಹೊರಟು ಬರುತ್ತೇನೆ.