ಪುಟ ಮರೆಯುವ ಪೆಟ್ಟಿಗೆ

೧೮ ಫೆಬ್ರವರಿ, ಬುಧವಾರ ಮಧ್ಯಾಹ್ನ

ನನ್ನ ಮುದ್ದು ಮೆಣಸಿನಕಾಳೇ,

ನಾವಿಬ್ಬರೂ ಕ್ಷೇಮ. ನಿನ್ನ ಕ್ಷೇಮ ಸಮಾಚಾರ ಫೋನಿನಲ್ಲಿ ಗೊತ್ತಾಗುತ್ತಲೇ ಇರುತ್ತದೆ ಅನ್ನು. "ಊಟ ಆಯ್ತಾ?" "ಆಯ್ತು." "ಹುಷಾರಾಗಿದೀಯಾ?" "ಇದೀನಿ. ಅಮ್ಮ, ಪೇಷೆಂಟ್ ಬಂದ್ರು, ಇಡ್ತೀನಿ." ಕಾಗದವನ್ನಾದರೆ ಹೀಗೆ ನಡುವೆ ಇಡಲಾಗುವುದಿಲ್ಲ. ಅದಕ್ಕೇ ಬರೆಯಲು ಕುಳಿತೆ.

ನೀನು ಕಳಿಸಿದ ಹಲ್ಲಿನ ಬ್ರಷ್ಷುಗಳು ಬಂದು ಮೂರು ವಾರವಾಯಿತು. ಕೂಡಲೇ ಬರೆಯದಿದ್ದದ್ದು ನನ್ನ ತಪ್ಪು. ನಾಲ್ಕರಲ್ಲಿ ಒಂದನ್ನು ನಿಮ್ಮಪ್ಪ ಹಳೆಯ ರೇಡಿಯೊದ ಧೂಳು ತೆಗೆಯಲು ಎತ್ತಿಟ್ಟುಕೊಂಡಿದ್ದಾರೆ, ಮಗಳು ಹಲ್ಲಿನ ಡಾಕ್ಟರಾಗಿ ಏನು ಉಪಯೋಗವೋ. ತಡವಾದದ್ದಕ್ಕೆ ಕಾರಣವಿದೆ. ಅರವತ್ತೊಂದರ ನಿನ್ನಮ್ಮ ಕೋಡ್ ಬರೆಯುತ್ತಿದ್ದಳು!

ನಗು, ನಗು. ನಿಮ್ಮಪ್ಪನೂ ನಕ್ಕರು. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಒಂದು ವರ್ಷ ತಡವಾಗಿ ಬಂದಿದೆ ನೋಡು" ಎಂದರು. ಈಗ ಅದೇ ಮಹಾನುಭಾವರು ಮನೆಗೆ ಬಂದವರನ್ನೆಲ್ಲ ಕೂರಿಸಿಕೊಂಡು ನನ್ನ ಪ್ರತಾಪ ಹೇಳುತ್ತಾರೆ.

ಮೂವತ್ತಮೂರು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದ ಮೇಲೆ ಮೂಳೆ ಆಸ್ಪತ್ರೆಯ ಓದುವ ಕೋಣೆ ನೋಡಿಕೊಳ್ಳುತ್ತಿದ್ದೇನೆಂದು ನಿನಗೆ ಗೊತ್ತು. ಅಲ್ಲಿ ಒಂದು ಪೆಟ್ಟಿಗೆ ಇದೆಯೆಂದು ಹೇಳಿರಲಿಲ್ಲ. ಹೇಳುವಷ್ಟರಲ್ಲಿ ನಿನ್ನ ಪೇಷೆಂಟ್ ಬಂದುಬಿಡುತ್ತಾರೆ. ಪೆಟ್ಟಿಗೆ ಊಟದ ಡಬ್ಬಿಯಷ್ಟು ದೊಡ್ಡದು. ಆಸ್ಪತ್ರೆಯ ದಪ್ಪ ಗೋಡೆಗಳೊಳಗೆ ಇಂಟರ್‌ನೆಟ್ ಸುಳಿಯುವುದಿಲ್ಲ, ಇದಕ್ಕೆ ಅದು ಬೇಕಾಗಿಯೂ ಇಲ್ಲ. ತಾನೇ ವಾರ್ಡಿಗೆಲ್ಲ ವೈಫೈ ಕೊಡುತ್ತದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರು ತಮ್ಮ ಫೋನಿನಲ್ಲೇ ಅದರೊಳಗಿನ ಆರು ಸಾವಿರ ಪುಸ್ತಕಗಳಲ್ಲಿ ಬೇಕಾದ್ದನ್ನು ಓದಬಹುದು. ಅದನ್ನು ನಡೆಸುವ ಕೋಡ್ ಯಾವ ಕಂಪನಿಯದ್ದೂ ಅಲ್ಲ. ಎಲ್ಲೆಲ್ಲಿಯವರೋ ಸೇರಿ ಬಿಡುವಿನಲ್ಲಿ ಬರೆದು ಎಲ್ಲರಿಗೂ ತೆರೆದಿಟ್ಟದ್ದು. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು, ನೋಡಿಕೊಳ್ಳುವವರು ಒಪ್ಪಿದರೆ ಸೇರುತ್ತದೆ. ಇದನ್ನೆಲ್ಲ ನಿನಗೆ ವಿವರಿಸುತ್ತಿದ್ದೇನಲ್ಲ, ನೋಡು ನನ್ನ ಬುದ್ಧಿ. ಮುಂದೆ ಓದು.

ಈ ಪೆಟ್ಟಿಗೆಗೆ ಒಂದೇ ರೋಗ, ಮರೆವು. ಸರಿಯಾಗಿ ಆರಿಸಿದರೆ ಯಾರು ಯಾವ ಪುಟದಲ್ಲಿದ್ದರೆಂದು ನೆನಪಿಟ್ಟುಕೊಳ್ಳುತ್ತದೆ. ದಿಢೀರನೆ ಪ್ಲಗ್ ಕಿತ್ತರೆ ಎಲ್ಲರನ್ನೂ ಮೊದಲ ಪುಟಕ್ಕೆ ಅಟ್ಟುತ್ತದೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಹತ್ತೂವರೆಗೆ ಪ್ಲಗ್ ಕೀಳುತ್ತಾರೆ. ಕೀಳುವವರು ನೆಲ ತೊಳೆಯುವಾಕೆ, ಇಡೀ ವಾರ್ಡ್ ಅವರನ್ನು ಬಿರುಗಾಳಿಯಕ್ಕ ಎನ್ನುತ್ತದೆ. ಅವರ ಮೆಷಿನ್ನಿನ ವೈರು ಆ ಒಂದು ಪ್ಲಗ್ಗಿನಿಂದ ಮಾತ್ರ ಕೊನೆಯ ಮಂಚದವರೆಗೆ ಮುಟ್ಟುತ್ತದೆ. "ನೆಲ ಬಿಡ್ಲಾ, ಪುಸ್ತಕ ಬಿಡ್ಲಾ, ನೀವೇ ಹೇಳಿ ಪ್ರೂಫಮ್ಮ" ಎಂದು ಸೊಂಟಕ್ಕೆ ಕೈ ಕೊಟ್ಟು ನಿಂತರೆ ಏನು ಹೇಳಲಿ? ಇನ್ನೊಂದು ಪ್ಲಗ್ ಹಾಕಿಸಿ ಎಂದು ಜೂನ್‌ನಲ್ಲಿ ಕೊಟ್ಟ ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ. ಪ್ಲಗ್ ಬರುವುದಕ್ಕಿಂತ ಮೊದಲು ನನಗೆ ಪ್ರೋಗ್ರಾಮಿಂಗ್ ಬಂತು.

ಎಲ್ಲರಿಗಿಂತ ಪಾಡು ಪಟ್ಟವನು ಒಂಬತ್ತನೇ ಮಂಚದ ಲಾರಿ ಡ್ರೈವರ್. ತೊಡೆಮೂಳೆ ಮುರಿದು ನಾಲ್ಕು ತಿಂಗಳಾಯಿತು. ದಪ್ಪದೊಂದು ಪತ್ತೇದಾರಿ ಕಾದಂಬರಿ ಹಿಡಿದಿದ್ದಾನೆ. ಪುಟದ ನಂಬರು ನೆನಪಿಟ್ಟುಕೊಳ್ಳಪ್ಪ ಎಂದರೆ, ನೋವಿನ ಮಾತ್ರೆ ನುಂಗಿದ ಮೇಲೆ ತನ್ನ ಮಂಚದ ನಂಬರೇ ನೆನಪಿರುವುದಿಲ್ಲವಂತೆ. "ಅಮ್ಮೋರೇ, ಆ ಬಂಗಲೆ ಯಜಮಾನ ದಿನಾ ಬೆಳಿಗ್ಗೆ ಬದುಕಿ ಬರ್ತಾನೆ, ದಿನಾ ಮತ್ತೆ ಸಾಯ್ತಾನೆ. ಕೊಂದೋನು ಯಾರು ಅಂತ ತಿಳಿಯೋ ಹೊತ್ತಿಗೆ ನನ್ ಕಾಲು ಕೂಡ್ಕೊಂಡು ಮನೇಲಿರ್ತೀನಿ!" ಎಂದು ಕೂಗಾಡುತ್ತಿದ್ದ. ಅವನ ಕೂಗಾಟ ಕೇಳಿ ಕೇಳಿ ದೊಡ್ಡ ಸಿಸ್ಟರ್ ಜನವರಿಯಲ್ಲಿ ನನ್ನನ್ನು ಕರೆದು, "ಫೆಬ್ರವರಿ ಒಳಗೆ ಸರಿ ಹೋಗ್ಲಿಲ್ಲ ಅಂದ್ರೆ ಪೆಟ್ಟಿಗೆ ಎತ್ತಿ ಒಳಗಿಡಿ" ಎಂದರು. ಪೆಟ್ಟಿಗೆ ಹೋದರೆ ಆ ಕೋಣೆಯಲ್ಲಿ ಉಳಿಯುವುದು ಹರಿದ ವಾರಪತ್ರಿಕೆಗಳು ಮತ್ತು ನಾನು.

ಅಷ್ಟು ಹೊತ್ತಿಗೆ ನಾನು ಕಲಿಯಲು ಶುರುಮಾಡಿ ಆರು ತಿಂಗಳಾಗಿತ್ತು. ಗುರು ಬೇರೆ ಯಾರೂ ಅಲ್ಲ, ಪೆಟ್ಟಿಗೆಯೇ. ಅದರ ಆರು ಸಾವಿರದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕವೂ ಒಂದಿದೆ. ಅದನ್ನು ಓದುವಾಗ ನನಗೂ ದಿನಾ ಹತ್ತೂವರೆಗೆ ಮೊದಲ ಪುಟ! ಮೊದಲ ಅಧ್ಯಾಯ ನನಗೆ ಬಾಯಿಪಾಠ.

ಮೊದಲ ಸಲ ಕೈಯಿಟ್ಟಾಗ ಮಾನ ಹರಾಜಾಯಿತು. ಪ್ರೂಫ್ ತಿದ್ದುವವಳ ಚಾಳಿ ನಿನಗೆ ಗೊತ್ತಲ್ಲ, ಕಂಡದ್ದನ್ನೆಲ್ಲ ತಿದ್ದಿ ಒಟ್ಟಿಗೇ ಕೊಡುವುದು. ಬಟನ್ನಿನ ಮೇಲಿನ ಮಾತು, ಪಟ್ಟಿಯ ಕ್ರಮ, ಹುಡುಕುವ ಜಾಗ ಎಂದು ಅರವತ್ತೊಂದು ತಿದ್ದುಪಡಿಗಳನ್ನು, ವರ್ಷಕ್ಕೊಂದರಂತೆ, ಒಂದೇ ಗಂಟು ಕಟ್ಟಿ ಮನೆಯ ಕಂಪ್ಯೂಟರಿನಿಂದ ಕಳಿಸಿದೆ. ಪ್ರೆಸ್ಸಿನಲ್ಲಾಗಿದ್ದರೆ ಫೋರ್‌ಮನ್ ಭೇಷ್ ಎನ್ನುತ್ತಿದ್ದ. ಇಲ್ಲಿ ಪರಿಶೀಲಿಸುವವರ ಹೆಸರಿನ ಪಕ್ಕ ಗೂಬೆಯ ಚಿತ್ರವಿದೆ. ಗಂಡೋ ಹೆಣ್ಣೋ ಗೊತ್ತಿಲ್ಲದ್ದರಿಂದ ನಾನು ಗೂಬೆಯವರು ಎನ್ನುತ್ತೇನೆ. ಅವರು ಬರೆದರು: "ಬಹಳ ಸಂತೋಷ. ದಯವಿಟ್ಟು ಇದನ್ನೇ ಅರವತ್ತೊಂದು ಸಲ ಬೇರೆ ಬೇರೆಯಾಗಿ ಕಳಿಸುತ್ತೀರಾ? ಒಂದು ಕೆಟ್ಟರೆ ಉಳಿದ ಅರವತ್ತನ್ನೂ ಹಿಂದೆ ಕಳಿಸಬೇಕಾಗುತ್ತದೆ." ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಒಂದೊಂದಾಗಿ ಕಳಿಸಿದೆ. ನಲವತ್ತೇಳು ಒಪ್ಪಿದರು. ಉಳಿದ ಹದಿನಾಲ್ಕರಲ್ಲಿ ನಾನೇ ಸರಿ, ಆ ಮಾತು ಇರಲಿ.

ಈಗ ಮುಖ್ಯ ವಿಷಯ. ಮರೆವಿನ ದೂರು ಮೊದಲೇ ಯಾರಾದರೂ ಕೊಟ್ಟಿದ್ದಾರೆಯೇ ಎಂದು ಆ ಕೋಡಿನ ಹಳೆಯ ಕಡತಗಳನ್ನು ಜಾಲಾಡಿದೆ. ಕೊಟ್ಟಿದ್ದರು. ಹನ್ನೊಂದು ವರ್ಷದ ಹಿಂದೆ ಒಬ್ಬರು ದೂರು ಕೊಟ್ಟು ಸುಮ್ಮನಾಗದೆ, ಪುಟ ತಿರುವಿದಾಗೆಲ್ಲ ನಂಬರು ಬರೆದಿಟ್ಟುಕೊಳ್ಳುವ ಕೋಡನ್ನೂ ಕಳಿಸಿದ್ದರು. ಚೊಕ್ಕ ಕೆಲಸ, ಮೂವತ್ತು ಸಾಲು. ಗೂಬೆಯವರು ಮೆಚ್ಚಿ ಒಂದೇ ಪ್ರಶ್ನೆ ಕೇಳಿದ್ದರು: ಬರೆಯುತ್ತಿರುವ ಗಳಿಗೆಯಲ್ಲೇ ಕರೆಂಟು ಹೋದರೆ ಹಳೆಯ ನಂಬರೂ ಹಾಳು, ಹೊಸದೂ ಇಲ್ಲ, ಅದಕ್ಕೇನು ಮಾಡೋಣ? ಉತ್ತರವೇ ಬಂದಿರಲಿಲ್ಲ. ಅರ್ಜಿ ಹಾಗೇ ತೆರೆದು ಬಿದ್ದಿತ್ತು. ಕಳಿಸಿದವರು ಯಾರೆಂದು ಹೆಸರು ನೋಡಿದೆ. ಮೆಣಸಿನಕಾಳು.

ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ನಿಮ್ಮಪ್ಪ ನಿನಗಿಟ್ಟ ಹೆಸರು ಈ ಲೋಕದಲ್ಲಿ ಇನ್ನೊಬ್ಬರಿಗಿರಲು ಸಾಧ್ಯವೇ? ಅವರನ್ನು ಕರೆದು ತೋರಿಸಿದೆ. ಅವರು ಆ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ, "ಹದಿನೇಳು ವರ್ಷದ ಹುಡುಗಿ ಕಣೇ ಆಗ" ಎಂದಷ್ಟೇ ಹೇಳಿದರು.

ನಿನ್ನ ಮೂವತ್ತು ಸಾಲುಗಳನ್ನು ನಾನು ಅಳಿಸಲಿಲ್ಲ, ಕೋಡ್ ಹಳತಾಗಿದ್ದ ಕಡೆ ಮಾತ್ರ ತೇಪೆ ಹಾಕಿದೆ. ಗೂಬೆಯವರ ಪ್ರಶ್ನೆಗೆ ಉತ್ತರ ನನ್ನ ಪ್ರೆಸ್ಸಿನಲ್ಲೇ ಇತ್ತು. ಹೊಸ ಪ್ರೂಫ್ ಪೂರ್ತಿ ಅಚ್ಚಾಗಿ ಕೈಗೆ ಬರುವವರೆಗೂ ಹಳೆಯದನ್ನು ಹರಿಯಬಾರದು, ಹರಿದವರಿಗೆ ಫೋರ್‌ಮನ್ ಬೈಯುತ್ತಿದ್ದ ಬೈಗುಳವನ್ನು ಮಗಳಿಗೆ ಬರೆಯಲಾರೆ. ಹಾಗೇ ಇಲ್ಲೂ. ಹೊಸ ನಂಬರನ್ನು ಬೇರೊಂದು ಚೀಟಿಯಲ್ಲಿ ಪೂರ್ತಿ ಬರೆದು, ಬರೆದದ್ದು ಸರಿಯಿದೆಯೆಂದು ನೋಡಿಕೊಂಡು, ಆಮೇಲೆ ಹಳೆಯ ಚೀಟಿಯ ಜಾಗದಲ್ಲಿ ಇದನ್ನು ಕೂರಿಸುವುದು. ನಡುವೆ ಕರೆಂಟು ಹೋದರೆ ಹಳೆಯದಂತೂ ಗಟ್ಟಿ. ಒಂದು ಪುಟ ಹಿಂದಾಗಬಹುದು, ಮೊದಲ ಪುಟಕ್ಕೆ ಬೀಳುವುದಿಲ್ಲ.

"ಹೇಗೆ ಪರೀಕ್ಷಿಸಿದಿರಿ?" ಎಂದು ಗೂಬೆಯವರು ಕೇಳಿದರು. ಬಿರುಗಾಳಿಯಕ್ಕನನ್ನು ಕೂರಿಸಿಕೊಂಡು ಐವತ್ತು ಸಲ ಪ್ಲಗ್ ಕೀಳಿಸಿದೆ ಎಂದು ಬರೆದೆ. ಆಕೆಗೋ ಸಂಭ್ರಮ. "ಇಷ್ಟು ದಿನ ಕಿತ್ತಿದ್ದಕ್ಕೆ ಬೈದ್ರಿ, ಇವತ್ತು ಕೀಳಿ ಕೀಳಿ ಅಂತೀರಲ್ಲ" ಎನ್ನುತ್ತಾ ಒಂದು ಸಲ ಮೇಲಿನಿಂದ, ಒಂದು ಸಲ ಕಾಲಿನಿಂದ, ಒಂದು ಸಲ ಬೆನ್ನು ತಿರುಗಿಸಿ ಕಿತ್ತರು. ಐವತ್ತಕ್ಕೆ ಐವತ್ತು ಸಲವೂ ಒಂಬತ್ತನೇ ಮಂಚದವನ ಪುಟ ಇದ್ದಲ್ಲೇ ಇತ್ತು.

ಮೊನ್ನೆ ಸೋಮವಾರ ಒಪ್ಪಿಕೊಂಡರು. ಈಗ ಆ ಕೋಡಿನ ಪಕ್ಕ ಹೀಗಿದೆ: ಬರೆದವರು ಮೆಣಸಿನಕಾಳು, ಪೂರ್ತಿ ಮಾಡಿದವರು ಪ್ರೂಫಮ್ಮ, ಪರೀಕ್ಷಿಸಿದವರು ಬಿರುಗಾಳಿಯಕ್ಕ. ಆಕೆ ಅದನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ದೊಡ್ಡ ಸಿಸ್ಟರ್‌ಗೆ ತೋರಿಸಿ ಬಂದರು. ಪೆಟ್ಟಿಗೆ ಇದ್ದ ಜಾಗದಲ್ಲೇ ಇದೆ. ಲಾರಿ ಡ್ರೈವರ್ ನಿನ್ನೆ ಕಾದಂಬರಿ ಮುಗಿಸಿದ. ಖುಷಿ ತಡೆಯಲಾರದೆ ಕೊಂದವರು ಯಾರೆಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿಬಿಟ್ಟ. ಅದೇ ಪುಸ್ತಕದ ಅರ್ಧದಲ್ಲಿದ್ದ ಆರನೇ ಮಂಚದವರು ಅವನ ಹತ್ತಿರ ಮಾತೇ ಬಿಟ್ಟಿದ್ದಾರೆ.

ಆರೋಗ್ಯ ನೋಡಿಕೋ. ದಿನವಿಡೀ ಬಗ್ಗಿ ಕೆಲಸ ಮಾಡಿ ಕತ್ತು ನೋಯಿಸಿಕೊಳ್ಳಬೇಡ, ಮೂಳೆ ಆಸ್ಪತ್ರೆಯಲ್ಲಿರುವವಳು ಹೇಳುತ್ತಿದ್ದೇನೆ. ನಿನ್ನ ಕೈಗೆ ಸದಾ ಒಳ್ಳೆಯ ಹೆಸರು ಬರಲಿ, ನಗುನಗುತ್ತಾ ನೂರು ಕಾಲ ಬಾಳು.

ಇಂತಿ ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಗೂಬೆಯವರ ಆ ಪ್ರಶ್ನೆಯ ಮೇಲೆ ತಾರೀಕಿದೆ. ನಿನ್ನ ಪರೀಕ್ಷೆ ಹತ್ತಿರ ಬಂತೆಂದು ನಾನು ಕಂಪ್ಯೂಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ದಿನದ್ದೇ. ನೀನು ಬಾಗಿಲಲ್ಲಿ ನಿಂತು, "ಅಮ್ಮ, ಅವ್ರು ಒಂದು ಪ್ರಶ್ನೆ ಕೇಳಿದಾರೆ. ಹತ್ತೇ ಹತ್ತು ನಿಮಿಷ ಕೊಡು, ಉತ್ತರ ಬರೆದು ಬಂದ್ಬಿಡ್ತೀನಿ" ಎಂದಿದ್ದೆ. ಏನು ಪ್ರಶ್ನೆ ಎಂದು ನಾನು ಕೇಳಲಿಲ್ಲ. "ಪರೀಕ್ಷೆಲಿ ಬರಿ ಉತ್ತರಾನ" ಎಂದೆ. ಆ ಬೀಗದಿಂದಲೇ ಮಗಳು ಡಾಕ್ಟರಾದಳೆಂದು ಎಷ್ಟು ಜನರ ಮುಂದೆ ಜಂಬ ಕೊಚ್ಚಿಕೊಂಡಿದ್ದೇನೋ. ನೀನು ಒಳ್ಳೆಯ ಡಾಕ್ಟರೇ. ಆದರೆ ಅಂದಿನಿಂದ ನೀನು ನನ್ನ ಹತ್ತಿರ ಯಾವುದರ ಬಗ್ಗೆಯೂ ಹತ್ತು ನಿಮಿಷ ಮಾತಾಡಿಲ್ಲ. ನಾನು ತಪ್ಪು ಮಾಡಿದೆ, ಮಗಳೇ. ಗೂಬೆಯವರು ಆಗ ಅದನ್ನೇ ಮೂರು ಸಲ ಕೇಳಿ ಸುಮ್ಮನಾಗಿದ್ದರು. ಸೋಮವಾರ ಕೋಡ್ ಸೇರಿಸಿದ ಮೇಲೆ ಕೆಳಗೆ ಮತ್ತೊಂದು ಸಾಲು ಬರೆದಿದ್ದಾರೆ: "ಮೆಣಸಿನಕಾಳು, ಚೆನ್ನಾಗಿದ್ದೀಯಾ?" ಉತ್ತರ ಬರೆಯಲು ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಅದು ನಿನಗೆ ಬಂದ ಪ್ರಶ್ನೆ. ಪೇಷೆಂಟ್ ಇಲ್ಲದಾಗ ಒಂದು ಹತ್ತು ನಿಮಿಷ ಕೂತು ಬರೆ.