ಏಳು ಸಾವಿರ ವೋಲ್ಟಿನ ಹಲಗೆ

ಗುಬ್ಬಿ
೧೫ ಜೂನ್ ೧೯೮೬

ಪೂಜ್ಯ ಮಾವನವರಿಗೆ,

ವನಜ ಮಾಡುವ ನಮಸ್ಕಾರಗಳು. ನಿಮ್ಮ ಕಾಗದ ಗುರುವಾರ ತಲುಪಿತು. ಅಟ್ಟದ ಮೇಲಿರುವ ಹೈವೋಲ್ಟೇಜ್ ಹಲಗೆಯನ್ನು ನಮ್ಮ ಚೇಳೂರಿನ ಶಾಲೆಗೆ ಕೊಡುತ್ತೇನೆಂದು ಬರೆದಿದ್ದೀರಿ. ಕೊನೆಯಲ್ಲಿ, ‘ಹಿಂದೆ ನಡೆದದ್ದನ್ನು ಮರೆತುಬಿಡು’ ಎಂಬ ಒಂದು ಸಾಲೂ ಇದೆ. ಹಲಗೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಆ ಸಾಲಿಗೆ ಮೊದಲು ಉತ್ತರ ಬರೆಯಬೇಕು.

ತುಮಕೂರಿನಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ ನಾನು ಅಮೃತೂರಿನ ನಿಮ್ಮ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತೇಳರಲ್ಲಿ. ನೀವು ಆಗಷ್ಟೇ ವಿಜ್ಞಾನದ ಮೇಷ್ಟ್ರ ಕೆಲಸದಿಂದ ನಿವೃತ್ತರಾಗಿದ್ದಿರಿ. ನಡುಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಹಳೆಯ ವಾಲ್ವ್ ರೇಡಿಯೋದ ಟ್ರಾನ್ಸ್‌ಫಾರ್ಮರ್ ಬಿಚ್ಚಿಟ್ಟುಕೊಂಡು ಕೂತಿರುತ್ತಿದ್ದಿರಿ. ಕಾಫಿ ಕೊಡಲು ಬಂದ ನಾನು ಅದೇನೆಂದು ಕೇಳಿದೆ. ನೀವು ಲೋಟ ಪಕ್ಕಕ್ಕಿಟ್ಟು ಹೇಳಿದಿರಿ: “ನೋಡಮ್ಮ, ಈ ಡಯೋಡ್ ಕರೆಂಟನ್ನ ಒಂದೇ ಕಡೆ ಬಿಡುತ್ತೆ. ಕೆಪಾಸಿಟರ್ ಅದನ್ನ ಹಿಡಿದಿಟ್ಕೊಳ್ಳುತ್ತೆ. ಇವೆರಡನ್ನೂ ಏಣಿ ಕಟ್ಟಿದಂಗೆ ಕಟ್ಕೊಂಡ್ ಹೋದ್ರೆ ಇನ್ನೂರೈವತ್ತು ವೋಲ್ಟು ಮೆಟ್ಲು ಹತ್ತಿ ಹತ್ತಿ ಏಳು ಸಾವಿರ ಆಗುತ್ತೆ.”

ಆ ಮನೆಯಲ್ಲಿ ನನ್ನ ಓದಿನ ಮಾತನ್ನು ನನ್ನೊಡನೆ ಆಡಿದವರು ನೀವೊಬ್ಬರೇ. ಅದನ್ನು ಇಂದಿಗೂ ಇಲ್ಲವೆನ್ನುವುದಿಲ್ಲ.

ಏಳು ತಿಂಗಳು ಇಬ್ಬರೂ ಕೂತು ಆ ಏಣಿಯನ್ನು ಒಂದು ಮರದ ಹಲಗೆಯ ಮೇಲೆ ಕಟ್ಟಿದೆವು. ನೀವು ತುಮಕೂರಿಗೆ ಹೋಗಿ ಡಯೋಡುಗಳನ್ನು ತಂದಿರಿ. ನಾನು ಅಡುಗೆ ಮುಗಿಸಿ ಬಂದು ಬೆಸುಗೆ ಹಾಕುತ್ತಿದ್ದೆ. ಸಣ್ಣ ತಂತಿ ಹಿಡಿಯುವುದು ನಿಮಗೆ ಆಗಲೇ ಕಷ್ಟವಾಗುತ್ತಿತ್ತು. “ನಂಗಿಂತ ನಿನ್ ಬೆಸುಗೇನೇ ಚೆನ್ನಾಗಿದೆ ಕಣಮ್ಮ” ಎಂದಿದ್ದಿರಿ. ಏಳನೆಯ ಮೆಟ್ಟಿಲಿಗೆ ವೋಲ್ಟೇಜು ಏರದೆ ನಿಂತಾಗ, ಅಲ್ಲೊಂದು ಡಯೋಡನ್ನು ತಿರುಗುಮುರುಗಾಗಿ ಹಾಕಿದ್ದೇವೆಂದು ನಾನು ತೋರಿಸಿದೆ. ನೀವು ಪೇಪರ್ ಎತ್ತಿಕೊಂಡು ಹೊರಗೆ ಹೋದಿರಿ. ಸಂಜೆ ನೀವೇ ಅದನ್ನು ಬಿಚ್ಚಿ ತಿರುಗಿಸಿ ಹಾಕಿದಿರಿ.

ಎಪ್ಪತ್ತೆಂಟರ ಜುಲೈನಲ್ಲಿ ಹಲಗೆ ಮುಗಿಯಿತು. ತುದಿಯ ಎರಡು ಸೂಜಿಗಳ ನಡುವೆ ನೀಲಿ ಕಿಡಿ ಚಟ್ ಎಂದು ಹಾರಿದಾಗ ಅತ್ತೆಯವರೂ ಒಲೆ ಬಿಟ್ಟು ಬಂದು ನೋಡಿದ್ದರು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆಂದು ನೀವೇ ಕಲಿಸಿದ್ದಿರಿ. ಅದು ತಾನಾಗಿ ಇಳಿದುಹೋಗಲೆಂದು ನಾನು ತುದಿಯಿಂದ ಬುಡದವರೆಗೆ ರೆಸಿಸ್ಟರುಗಳ ಸಾಲೊಂದನ್ನು ಜೋಡಿಸಿದ್ದೆ. ಅದರಿಂದ ಕಿಡಿ ಕೊಂಚ ಗಿಡ್ಡವಾಗುತ್ತಿತ್ತು. ನಿಮಗೆ ಅದು ಹಿಡಿಸಿರಲಿಲ್ಲ.

ಅದೇ ತಿಂಗಳು ನನಗೆ ಹೈಸ್ಕೂಲು ವಿಜ್ಞಾನ ಶಿಕ್ಷಕಿಯ ಆರ್ಡರು ಬಂತು. ಹದಿನೈದು ದಿನದೊಳಗೆ ಕೆಲಸಕ್ಕೆ ಸೇರಬೇಕಿತ್ತು. ಅತ್ತೆಯವರು ಬೇಡವೆಂದರು. ನೀವು ಹೋಗಲಿ ಎಂದಿರಿ. ಇವರು ಕುಣಿಗಲ್ ತಾಲ್ಲೂಕು ಕಚೇರಿಗೆ ಹೋಗಿ ಬರುವ ಹೊತ್ತಿಗೆ ಮನೆಯಲ್ಲಿ ದಿನಾ ಅದೇ ಚರ್ಚೆ. ಕೊನೆಗೆ ಸೋಮವಾರ ಸೇರುವುದೆಂದು ಗೊತ್ತಾಯಿತು.

ಅದರ ಹಿಂದಿನ ಭಾನುವಾರ ಬೆಳಿಗ್ಗೆ ನಿಮ್ಮ ಹಳೆಯ ಶಿಷ್ಯ, ಎಂಜಿನಿಯರ್ ರಾಮಾಂಜಿನಯ್ಯನವರು ಹಲಗೆ ನೋಡಲು ಬಂದರು. ನೀವು ಹೊಸ ಷರಟು ತೊಟ್ಟಿದ್ದಿರಿ. ಕಿಡಿ ಹಾರಿತು, ಹಿಂದೆಂದಿಗಿಂತ ಉದ್ದವಾಗಿ. ಇನ್ನೂ ಚೆನ್ನಾಗಿ ಕಾಣಲೆಂದು ಸೂಜಿ ಸರಿಪಡಿಸಲು ನನ್ನನ್ನು ಕರೆದಿರಿ. “ಆಫ್ ಮಾಡಿದೀನಿ ವನಜ, ಆ ಸೂಜಿ ಒಂಚೂರು ಹತ್ರ ತಗೋ” ಎಂದಿರಿ.

ನಾನು ಮುಟ್ಟಿದೆ. ಆಮೇಲೆ ನೆನಪಿರುವುದು ಹೊಸ್ತಿಲ ಬಳಿ ಬಿದ್ದಿದ್ದು, ಬಲಗೈ ಮಣಿಕಟ್ಟು ಸೊಟ್ಟಗಾಗಿದ್ದದ್ದು. ಎಸೆದಂತೆ ಹಿಂದಕ್ಕೆ ಬಿದ್ದಿದ್ದೆನಂತೆ.

ಅತ್ತೆಯವರು ಓಡಿಬಂದು, “ಹೆಂಗಸ್ರಿಗ್ಯಾಕೆ ಕರೆಂಟಿನ್ ಸವಾಸ ಅಂತ ಬಡ್ಕೊಂಡೆ, ಕೇಳಿದ್ಲಾ ಇವ್ಳು? ನಾಳೆ ಮಕ್ಕಳಿಗೆ ಇನ್ನೇನ್ ಕಲಿಸ್ತಾಳೆ!” ಎಂದು ಕೂಗಿದರು. ಇವರು ನಿಮ್ಮನ್ನು ಕೇಳಿದರು, “ಏನಾಯ್ತಪ್ಪ?” ನಾನು ನೆಲದಿಂದ ನಿಮ್ಮ ಮುಖ ನೋಡುತ್ತಿದ್ದೆ. ನೀವು ರಾಮಾಂಜಿನಯ್ಯನವರ ಕಡೆ ಒಮ್ಮೆ ನೋಡಿ, “ನಾನ್ ಹೇಳೋದ್ರೊಳಗೆ ಮುಟ್ಬುಟ್ಲು” ಎಂದಿರಿ.

ಆರು ವಾರ ಕೈಗೆ ಬ್ಯಾಂಡೇಜು. ಕಾಲಾವಕಾಶ ಕೇಳಿ ಅರ್ಜಿ ಹಾಕೋಣವೆಂದೆ. ಯಾರೂ ಬರೆದುಕೊಡಲಿಲ್ಲ. ಬಲಗೈ ಹಾಗಿದ್ದಾಗ ನಾನು ಬರೆಯುವುದೆಲ್ಲಿ? ಆರ್ಡರು ರದ್ದಾಯಿತು.

ಒಂದು ವಾರ ಕಳೆದು, ನೀವು ತೋಟಕ್ಕೆ ಹೋದಾಗ ಎಡಗೈಯಲ್ಲಿ ಹಲಗೆ ತಿರುಗಿಸಿ ನೋಡಿದೆ. ರೆಸಿಸ್ಟರುಗಳ ಸಾಲು ಇರಲಿಲ್ಲ. ನಾನು ಬೆಸುಗೆ ಹಾಕಿದ್ದ ಎರಡೂ ಕಡೆ ತಂತಿಯನ್ನು ಕಟಿಂಗ್ ಪ್ಲೈಯರಿನಿಂದ ನೀಟಾಗಿ ಕತ್ತರಿಸಲಾಗಿತ್ತು. ಕಿಡಿ ಉದ್ದವಾಗಿದ್ದು ಹೇಗೆ, ಸ್ವಿಚ್ ಆರಿಸಿದ ಮೇಲೂ ನನಗೆ ಹೊಡೆದದ್ದು ಹೇಗೆ ಎಂದು ಆಗ ತಿಳಿಯಿತು.

ನೀವೇ ಹೇಳುತ್ತೀರೆಂದು ಕಾದೆ. ಮೊದಲು ದಿನಗಳನ್ನು ಎಣಿಸಿದೆ, ಆಮೇಲೆ ಬಿಟ್ಟೆ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಶಿಷ್ಯನೆದುರು ತಪ್ಪು ಒಪ್ಪಿಕೊಳ್ಳುವುದು ಕಷ್ಟವೆಂದು ನನಗೂ ಗೊತ್ತು. ಆದರೆ ಶಿಷ್ಯ ಅಂದೇ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಮನೆಯವರು ಮಾತ್ರ ಉಳಿದಿದ್ದರು.

ಮತ್ತೆ ಕೆಲಸ ಸಿಗಲು ಆರು ವರ್ಷ ಬೇಕಾಯಿತು. ಇವರಿಗೆ ಗುಬ್ಬಿಗೆ ವರ್ಗವಾಗಿ, ನನಗೆ ಚೇಳೂರು ಸಿಕ್ಕಿ, ಈಗ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೆಲಸ ಚೆನ್ನಾಗಿದೆ. ಆ ಲೆಕ್ಕದಲ್ಲಿ ನನಗೆ ನಿಮ್ಮ ಮೇಲೆ ಸಿಟ್ಟು ಉಳಿದಿಲ್ಲ. ಈ ಕಾಗದ ಬರೆಯುವ ಅಗತ್ಯವೂ ಇರಲಿಲ್ಲ.

ಆದರೆ ಬೇಸಿಗೆ ರಜೆಗೆ ನಿಮ್ಮಲ್ಲಿದ್ದು ಬಂದ ಮಗಳು ಗಂಗಲಕ್ಷ್ಮಿ ಈಗ ದೀಪದ ಸ್ವಿಚ್ಚು ಮುಟ್ಟುವುದಿಲ್ಲ. ಕತ್ತಲಾದರೆ ಯಾರಾದರೂ ಬರಲೆಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಯಾಕೆಂದು ಕೇಳಿದೆ. “‘ನಿಮ್ಮಮ್ಮ ಹೇಳಿದ್ ಮಾತು ಕೇಳ್ದೆ ಮುಟ್ಟಿ ಕೈ ಮುರ್ಕೊಂಡ್ಲು, ನೀನೂ ಅವ್ಳಂಗೇ’ ಅಂತ ಅಜ್ಜಿ ಹೇಳ್ತು” ಎಂದಳು. ಆಗ ತಾತ ಎಲ್ಲಿದ್ದರು ಎಂದೆ. “ಅಲ್ಲೇ ಪೇಪರ್ ಓದ್ತಿದ್ರು” ಎಂದಳು. ಅವಳಿಗಿನ್ನೂ ಆರು ವರ್ಷ.

ನಿನ್ನೆ ಇವರಿಗೆ ಎಲ್ಲವನ್ನೂ ಹೇಳಿದೆ. “ಎಂಟು ವರ್ಷ ಯಾಕ್ ಹೇಳ್ಲಿಲ್ಲ?” ಎಂದರು. ಹೇಳಬೇಕಾದವರು ನಾನಲ್ಲ ಎಂದುಕೊಂಡಿದ್ದೆ, ಎಂದೆ. ಈ ಕಾಗದವನ್ನೂ ಅವರಿಗೆ ಓದಿ ಹೇಳಿಯೇ ಪೋಸ್ಟ್ ಮಾಡುತ್ತಿದ್ದೇನೆ.

ಇನ್ನು ಹಲಗೆ. ನಮ್ಮ ಶಾಲೆಯಲ್ಲಿ ಅಂಥದ್ದೊಂದಿಲ್ಲ, ಖಂಡಿತ ಉಪಯೋಗವಾಗುತ್ತದೆ. ಆದರೆ ಅದನ್ನು ಕೊಡುವ ಮೊದಲು ಅತ್ತೆಯವರನ್ನು ಕೂರಿಸಿಕೊಂಡು, ಆ ದಿನ ಮುಟ್ಟೆಂದು ಹೇಳಿದವರು ಯಾರು, ತಂತಿ ಕತ್ತರಿಸಿದವರು ಯಾರು ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ನನ್ನ ಕ್ಷಮೆ ಕೇಳುವುದು ಬೇಡ. ಹೇಳಿದ ಮೇಲೆ ಒಂದು ಕಾರ್ಡು ಹಾಕಿ. ನಾನೂ ಮಗಳೂ ಬಂದು ಹಲಗೆ ತರುತ್ತೇವೆ. ಹೇಳಲಾಗದಿದ್ದರೆ ಅದು ಅಟ್ಟದ ಮೇಲೆಯೇ ಇರಲಿ. ದಸರಾ ರಜೆಗೆ ಗಂಗಲಕ್ಷ್ಮಿಯೂ ಇಲ್ಲೇ ಇರುತ್ತಾಳೆ.

ಕಾಲಿನ ಊತಕ್ಕೆ ಉಪ್ಪು ಕಡಿಮೆ ಮಾಡಿ. ನಿಮಗೂ ಅತ್ತೆಯವರಿಗೂ ದೇವರು ಆರೋಗ್ಯ ಕೊಡಲಿ.

ನಿಮ್ಮ ಕಾರ್ಡಿಗೆ ಕಾಯುವ ಸೊಸೆ,
ವನಜ