ಮೈಯಳತೆ ಕೇಳಿದ ಬಿಟ್ಟಿ ಸಾಫ್ಟ್‌ವೇರ್

ಮಂಗಳವಾರ, ಹದಿನಾಲ್ಕನೇ ತಾರೀಖು.

ಆ ಟೈ ಕಟ್ಟಿದ ಸಾಫ್ಟ್‌ವೇರ್ ಮಾರುವವನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನದು ಹಳ್ಳಿ ಶಾಲೆಯ ಏಳನೇ ಕ್ಲಾಸು, ಆದರೆ ಈ ಬೀದಿಯಲ್ಲಿ ನನ್ನ ಕತ್ತರಿಗೆ ಸರಿಸಾಟಿ ಇಲ್ಲ. ಹೆಂಗಸರ ಅಳತೆಯನ್ನು ನಾನು ಬಾಯಿಬಿಟ್ಟು ಹೇಳಿದವನೇ ಅಲ್ಲ. ಚೀಟಿಯಲ್ಲಿ ಬರೆದು, ಮಡಚಿ, ಬಟ್ಟೆಯೊಳಗೆ ಸೇರಿಸುತ್ತೇನೆ.

"ಅಂಕಲ್, ಪೂರ್ತಿ ಫ್ರೀ. ಗಿರಾಕಿ ಫೋನ್ ನಂಬರ್ ಒತ್ತಿ, ಅವ್ರು ಯಾವ ಅಂಗಡೀಲಿ ಹೊಲಿಸಿದ್ರೂ ಅಳತೆ ಬರುತ್ತೆ," ಎಂದ.

"ಬೇಡ ಚಿಕ್ಕಪ್ಪ. ಅಳತೆ ನಮ್ಮ ಕಂಪ್ಯೂಟರ್ ಬಿಟ್ಟು ಆಚೆ ಹೋಗದಿರೋ ಸಾಫ್ಟ್‌ವೇರ್ ಒಂದಿದೆ, ದುಡ್ಡು ಕೊಟ್ಟೇ ತಗೊಳ್ಳೋಣ," ಎಂದಳು ಅಂಗಡಿ ಲೆಕ್ಕ ನೋಡುವ ಅಣ್ಣನ ಮಗಳು.

"ಸುಮ್ನಿರೇ, ಇವನ ಬಣ್ಣ ಬಯಲು ಮಾಡ್ತೀನಿ," ಎಂದು ನನ್ನ ಹೆಂಡತಿಯ ನಂಬರನ್ನೇ ಒತ್ತಿದೆ. ದರ್ಜಿಯ ಹೆಂಡತಿ ಬೇರೆ ಅಂಗಡಿಗೆ ಹೋಗುತ್ತಾಳೆಯೇ?

ಬಂತು. ಸೊಂಟ, ತೋಳು, ಎಲ್ಲ. ಕೆಳಗೆ ಎದುರು ಅಂಗಡಿಯವನ ಹೆಸರು, ಹೋದ ತಿಂಗಳ ತಾರೀಖು! ನಿಂತಿದ್ದ ಗಿರಾಕಿಗಳೂ ಇಣುಕಿದರು.

"ನೋಡಿ ಅಂಕಲ್, ಪಕ್ಕಾ ಮಾಹಿತಿ!" ಎಂದು ಹಲ್ಲು ಕಿರಿದ.

"ಇನ್ನೊಂದ್ಸಲ ಈ ಮೆಟ್ಟಿಲು ಹತ್ತು, ನಿನ್ನ ಅಳತೆ ಕತ್ತರೀಲೇ ತಗೋತೀನಿ!" ಎಂದು ಅಟ್ಟಿದೆ.

ಹುಡುಗಿ ಹೇಳಿದ್ದನ್ನೇ ತರಿಸುತ್ತೇನೆ. ನನ್ನವಳ ಸೊಂಟ ಇನ್ನೆಷ್ಟು ಅಂಗಡಿಗಳ ಪರದೆಯ ಮೇಲಿದೆಯೋ, ಪೀಡೆಗಳು.

ಎದುರು ಅಂಗಡಿಗೆ ಯಾಕೆ ಹೋದೆ ಎಂದು ಅವಳನ್ನು ಕೇಳಬೇಕು. ಕೇಳಿದರೆ, ನಿಮಗೆ ಹೇಗೆ ಗೊತ್ತಾಯಿತು ಎನ್ನುತ್ತಾಳೆ. ಗಿರಾಕಿಗಳ ಮುಂದೆ ನಿನ್ನ ಅಳತೆ ತೆರೆದಿಟ್ಟವನು ನಾನೇ ಎನ್ನಲೇ? ಬಾಯಿ ಮುಚ್ಚಿಕೊಂಡಿರುವುದೇ ಮೇಲು. ಹೇಗೂ ಆ ಎದುರಿನವನ ಹೊಲಿಗೆ, ತೋಳು ಎತ್ತಿದರೆ ಕಂಕುಳಲ್ಲಿ ಬಿಚ್ಚಿಕೊಳ್ಳುತ್ತದೆ, ಆಗ ಬರುತ್ತಾಳೆ ನನ್ನ ಹತ್ತಿರವೇ, ಬಂದಾಗ ಏನೂ ಕೇಳದೆ ಹೊಲಿದು ಕೊಡುತ್ತೇನೆ.